ತುರಿಕೆ, ಉರಿ, ಸುಸ್ತು

ನನ್ನ ಹೆಂಡತಿಗೆ ತುರಿಕೆ ಇಲ್ಲ, ಉರಿ ಇಲ್ಲ, ತಲೆನೋವಿಲ್ಲ, ಸುಸ್ತಿಲ್ಲ ಎಂದು ಹನ್ನೊಂದು ದಿನ ಬರೆಸಿದವನು ನಾನು. ಅವಳ ತಲೆಯ ವಿಚಾರ ಅವಳನ್ನೇ ಕೇಳಬೇಕು. ಕೇಳುತ್ತಲೂ ಇದ್ದರು. ದಿನವೂ ಕ್ಲಿನಿಕ್ಕಿನಲ್ಲಿ ಅವಳ ತಲೆಗೆ ಮೆಷಿನ್ನಿನಿಂದ ಕರೆಂಟು ಕೊಟ್ಟು ಮುಗಿದ ಮೇಲೆ ಜೀವಿತಾ ಎಂಬ ಹುಡುಗಿ ಕೈಯಲ್ಲೊಂದು ಹಾಳೆ ಹಿಡಿದು, ನನ್ನ ಹೆಂಡತಿ ನಿರ್ಮಲಾಳ ಎದುರಿಗೆ ಸ್ಟೂಲು ಎಳೆದುಕೊಂಡು ಕೂರುತ್ತಿದ್ದಳು. ಆ ಮೆಷಿನ್ನು ನೋಡಿಕೊಳ್ಳುವವಳು ಅವಳೇ. “ತುರಿಕೆ ಏನಾದ್ರೂ ಆಯ್ತಾ ಆಂಟಿ?” ಎನ್ನುವಳು. ನಿರ್ಮಲಾ ಎದುರಿನ ಗೋಡೆ ನೋಡುವಳು. ಆ ಗೋಡೆಯಲ್ಲಿ ಒಂದು ಕ್ಯಾಲೆಂಡರು ಬಿಟ್ಟರೆ ನೋಡುವಂಥದ್ದು ಏನೂ ಇರಲಿಲ್ಲ.

ನಾನು ಸ್ವಲ್ಪ ಹೊತ್ತು ಕಾಯುವೆ. ಎರಡು ವರ್ಷದಿಂದ ಅವಳ ಉತ್ತರಕ್ಕೆ ಕಾದು ಕಾದು ಸಾಕಾದವನು ನಾನು. ಮಧ್ಯಾಹ್ನದ ಬಿಸಿಲೇರುವುದರೊಳಗೆ ಊರು ಸೇರಬೇಕು, ತೋಟಕ್ಕೆ ನೀರು ತಿರುಗಿಸಬೇಕು, ಹಸು ಬಿಚ್ಚಿ ಕಟ್ಟಬೇಕು. “ಇಲ್ಲ ಅಂತ ಹಾಕಮ್ಮ” ಎನ್ನುವೆ. “ಉರಿ?” “ಇಲ್ಲ.” “ತಲೆನೋವು?” “ಇಲ್ಲ.” “ಸುಸ್ತು?” ಆ ಮಾತಿಗೆ ಮಾತ್ರ ನನಗೆ ಒಳಗೊಳಗೇ ನಗು ಬರುತ್ತಿತ್ತು. ಸುಸ್ತಿನ ವಿಚಾರ ನನ್ನನ್ನು ಕೇಳು ತಾಯಿ, ಒಂದು ನೋಟ್‌ಬುಕ್ಕು ಬರೆಸುತ್ತೇನೆ ಎನ್ನಬೇಕೆನಿಸುತ್ತಿತ್ತು. “ಅದೂ ಇಲ್ಲ” ಎಂದು ಎದ್ದು ಚಪ್ಪಲಿ ಹಾಕಿಕೊಳ್ಳುತ್ತಿದ್ದೆ.

ನನ್ನ ಹೆಸರು ಶಿವಮೂರ್ತಿ. ತುರುವೇಕೆರೆ ತಾಲ್ಲೂಕು. ನೂರೈವತ್ತು ಮರದ ತೆಂಗಿನ ತೋಟ, ಒಂದಿಷ್ಟು ರಾಗಿ ಹೊಲ, ಎರಡು ಹಸು. ಮದುವೆಯಾಗಿ ಇಪ್ಪತ್ತಾರು ವರ್ಷವಾಯಿತು. ಇದ್ದೊಬ್ಬ ಮಗಳನ್ನು ಅರಸೀಕೆರೆಗೆ ಕೊಟ್ಟಿದ್ದೇವೆ, ಚೆನ್ನಾಗಿದ್ದಾಳೆ. ಮನೆಯಲ್ಲಿ ನಾನು, ನಿರ್ಮಲಾ, ನನ್ನ ತಾಯಿ ಮರಿಯಮ್ಮ.

ನಿರ್ಮಲಾಗೆ ಏನಾಯಿತು ಎಂದು ಕೇಳಿದವರಿಗೆಲ್ಲ ಹೇಳಿ ನನ್ನ ನಾಲಿಗೆ ಸವೆದುಹೋಗಿದೆ. ಏನೂ ಆಗಲಿಲ್ಲ. ಯಾರೂ ಸಾಯಲಿಲ್ಲ, ಜಗಳವಾಗಲಿಲ್ಲ. ಎರಡು ವರ್ಷದ ಹಿಂದೆ, ಯುಗಾದಿ ಕಳೆದ ವಾರ, ಒಂದು ದಿನ ಬೆಳಿಗ್ಗೆ ಮುದ್ದೆಗೆ ಎಸರಿಟ್ಟು ಒಲೆಯ ಮುಂದೆ ಕೂತಳು. ಎಸರು ಕುದಿದು ಕುದಿದು ಪಾತ್ರೆ ತಳ ಹತ್ತಿದರೂ ಏಳಲಿಲ್ಲ. “ಯಾಕೆ?” ಎಂದರೆ “ಆಗ್ತಿಲ್ಲ” ಎಂದಳು. ಅಷ್ಟೇ. ಅದಕ್ಕೆ ಮುಂಚೆ ಅವಳ ಗಂಟಲು ಕೇಳಬೇಕಿತ್ತು ನೀವು. ಮನೆ ಬಾಗಿಲಲ್ಲಿ ನಿಂತು ಕೂಗಿದರೆ ತೋಟದ ಮೋಟರ್ ಮನೆಯಲ್ಲಿದ್ದ ನಾನು ಬೀಡಿ ಬಿಸಾಡುತ್ತಿದ್ದೆ. ಕಾಯಿ ಸುಲಿಯಲು ಬಂದವರು ಅವಳ ಕಣ್ಣು ತಪ್ಪಿಸಿ ಐದು ನಿಮಿಷ ನೆರಳಿಗೆ ಕೂರುವಂತಿರಲಿಲ್ಲ. ಅಂಥವಳು ದಿನಕ್ಕೆ ಎರಡು ಮಾತಾಡುವ ಹಾಗಾದಳು, “ಬೇಡ” ಮತ್ತು “ಆಗ್ತಿಲ್ಲ”.

ಮೊದಲು ದೇವರು ದಿಂಡರಾಯಿತು. ಅವ್ವ ಸಂಪಿಗೆ ಊರಿನ ಶ್ರೀನಿವಾಸನಿಗೆ ಹರಕೆ ಹೊತ್ತಳು. ಆಮೇಲೆ ಮಾತ್ರೆಯಾಯಿತು. ಒಂದು ಮಾತ್ರೆಗೆ ಹಗಲೆಲ್ಲ ನಿದ್ದೆ, ಇನ್ನೊಂದಕ್ಕೆ ಲೋಟ ಹಿಡಿಯಲಾಗದಷ್ಟು ಕೈ ನಡುಕ, ಮತ್ತೊಂದಕ್ಕೆ ತಿಂದಿದ್ದೆಲ್ಲ ವಾಂತಿ. ಕೊನೆಗೆ ತಿಪಟೂರಿನ ಡಾಕ್ಟರ್ ಮೇಡಂ, ತಲೆಗೆ ಸಣ್ಣದಾಗಿ ಕರೆಂಟು ಕೊಡುವ ಚಿಕಿತ್ಸೆಯೊಂದಿದೆ, ನೋಡೋಣವಾ ಎಂದರು.

ಕರೆಂಟು ಎಂದ ಕೂಡಲೇ ಊರಿಗೆ ಊರೇ ಡಾಕ್ಟರಾಯಿತು. ಪಕ್ಕದ ತೋಟದ ರಂಗನಾಥ್ ಬದುವಿನ ಮೇಲೆ ನಿಂತು, “ನಮ್ ಮೋಟ್ರಿಗೇ ತ್ರೀಫೇಸ್ ಕೊಡಾಕಿಲ್ಲ ಕಣ್ಲಾ, ನಿನ್ನೆಂಡ್ತಿ ತಲೆಗೆ ಎಲ್ಲಿಂದ ತಂದ್ಕೊಡ್ತಾರ್ಲಾ?” ಎಂದ. ಅವನು ನಕ್ಕ, ನಾನೂ ನಕ್ಕೆ. ಮನೆಗೆ ಬಂದು ಹಸುವಿನ ಮೇಲೆ ರೇಗಾಡಿದೆ. ನಗುವುದಕ್ಕೂ ಒಂದು ತ್ರಾಣ ಬೇಕು, ನನಗೆ ಅದೂ ಉಳಿದಿರಲಿಲ್ಲ.

ಮೇಡಂ ಮಾತ್ರ ಬಿಡಿಸಿ ಹೇಳಿದರು. ಶಾಕ್ ಅಲ್ಲ, ಪ್ರಜ್ಞೆ ತಪ್ಪಿಸುವುದಿಲ್ಲ, ಆಸ್ಪತ್ರೆಗೆ ಸೇರಬೇಕಾಗಿಲ್ಲ. ಎರಡು ಒದ್ದೆ ಸ್ಪಾಂಜು, ಒಂದು ರಬ್ಬರ್ ಪಟ್ಟಿ, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಡಬ್ಬಿ. ಟಾರ್ಚು ಉರಿಸುವ ಕರೆಂಟಿಗಿಂತಲೂ ಕಮ್ಮಿ. ದಿನಕ್ಕೆ ಅರ್ಧ ಗಂಟೆ, ಇಪ್ಪತ್ತು ದಿನ. “ಸ್ಪಾಂಜಿನ ಕೆಳಗೆ ಇರುವೆ ಹರಿದ ಹಾಗೆ ಜುಮುಜುಮು ಅನ್ಸುತ್ತೆ. ತುರಿಕೆ ಆಗಬಹುದು, ಸ್ವಲ್ಪ ಉರಿ, ಕೆಲವರಿಗೆ ತಲೆನೋವು, ಸುಸ್ತು. ಅವೆಲ್ಲ ಬರುತ್ತೆ, ಹೋಗುತ್ತೆ. ಆದ್ರೆ ಉರಿ ಜಾಸ್ತಿ ಆದ್ರೆ ತಕ್ಷಣ ಹೇಳ್ಬೇಕು. ಚರ್ಮ ಸುಟ್ಟು ಗಾಯ ಆದ್ರೆ ನಾವು ನಿಲ್ಲಿಸ್ಲೇಬೇಕಾಗುತ್ತೆ” ಎಂದರು.

“ಇದರಿಂದ ಸರಿಹೋಗ್ತಾಳಾ ಮೇಡಂ?”

“ಕೆಲವರಿಗೆ ಚೆನ್ನಾಗಿ ಗುಣ ಕಾಣುತ್ತೆ, ಕೆಲವರಿಗೆ ಇಲ್ಲ. ನೋಡೋಣ.”

ನೋಡೋಣ ಎಂಬ ಮಾತನ್ನು ನಾನು ಎರಡು ವರ್ಷದಿಂದ ನೋಡುತ್ತಿದ್ದೇನೆ. ಆ ದಿನ ಬೈಕಿನಲ್ಲಿ ಊರಿಗೆ ಬರುವಾಗ ಮನಸ್ಸಿನಲ್ಲೇ ಒಂದು ಗೆರೆ ಎಳೆದುಕೊಂಡೆ. ಇದೇ ಕೊನೆ. ಇದೂ ಆಗದಿದ್ದರೆ ಇವಳು ಹೀಗೇ, ನಾನೂ ಹೀಗೇ. ಬೇರೆ ಚಿಕಿತ್ಸೆಗಳಿದ್ದವೋ ಏನೋ, ಅವುಗಳ ಹಿಂದೆ ಓಡುವ ಶಕ್ತಿ ನನ್ನಲ್ಲಿ ಇರಲಿಲ್ಲ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ನಿಜ.

ಕ್ಲಿನಿಕ್ಕಿನವರು ಒಂದು ಚೀಟಿ ಕೊಟ್ಟಿದ್ದರು. ಅದರಲ್ಲಿ ಮೊದಲನೆಯದೇ ಇದು: ತಲೆಗೆ ಎಣ್ಣೆ ಹಚ್ಚಬಾರದು, ತಲೆ ತೊಳೆದು ಒಣಗಿಸಿಕೊಂಡು ಬರಬೇಕು. ನಾನು ಅವ್ವನಿಗೆ ಓದಿ ಹೇಳಿದೆ. ರಾಗಿ ಕೇರುತ್ತಿದ್ದ ಅವ್ವ ಮೊರ ಕೆಳಗಿಟ್ಟಳು.

“ಎಣ್ಣೆ ಹಚ್ಚಬಾರ್ದಾ? ಮುತ್ತೈದೆ ಒಣತಲೇಲಿ ಹೊಸ್ಲು ದಾಟ್ತಾಳೇನ್ಲಾ? ಸೂತಕದೋರ ಮನೆ ಹೆಂಗ್ಸು ಅನ್ಕತಾರೆ ಕಣ್ಲಾ ಬಸ್‌ಸ್ಟ್ಯಾಂಡಲ್ಲಿ ನೋಡಿದೋರು. ಅದ್ರಾಗೆ ದಿನಾ ತಲೆಗೆ ನೀರು ಬ್ಯಾರೆ. ಶೀತ ಆಗಿ ಮಲೀಕತಾಳೆ, ಆಮ್ಯಾಕೆ ಅದ್ಕೊಂದು ಡಾಕ್ಟ್ರು.”

“ಅವ್ರು ಹೇಳವ್ರೆ ಕಣವ್ವ.”

“ಅವ್ರು ಹೇಳೋದು ಅಂಗ್ಡಿ ಎಣ್ಣೆ. ಸೆಂಟು ಹಾಕಿರ್ತಾರಲ್ಲ, ಅದು. ನಮ್ದು ನಮ್ ಮರದ ಕೊಬ್ರಿ, ನಾವೇ ನಿಂತು ಗಾಣಕ್ಕೆ ಹಾಕ್ಸಿದ್ದು. ಅದ್ರಿಂದ ಯಾರ್ಗೆ ಏನಾಗದೆ ಇಲ್ಲೀಗಂಟ? ನೀನ್ ಹುಟ್ಟಿದಾಗ ನೆತ್ತಿ ಮ್ಯಾಲೆ ಸುರಿದ್ನಲ್ಲ, ಸತ್ತೋದ್ಯಾ?”

ಈ ಮಾತು ನನಗೂ ಸರಿಯೆನಿಸಿತು ಎನ್ನುವುದೇ ತಪ್ಪಿನ ಬುಡ. ನಮ್ಮ ಸೀಮೆಯಲ್ಲಿ ಕೊಬ್ಬರಿ ಎಣ್ಣೆಯನ್ನು ಯಾರೂ ಎಣ್ಣೆ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದು ನೀರಿದ್ದ ಹಾಗೆ. ಸುಟ್ಟರೂ ಅದೇ, ಕಚ್ಚಿದರೂ ಅದೇ, ಒಡೆದ ಹಿಮ್ಮಡಿಗೂ ಅದೇ, ಮಗುವಿನ ಹೊಟ್ಟೆನೋವಿಗೂ ಅದೇ. ಅದನ್ನು ಹಚ್ಚಬೇಡ ಎನ್ನುವ ಡಾಕ್ಟರದು ಯಾವ ಊರಪ್ಪ ಎಂದುಕೊಂಡೆನೇ ಹೊರತು, ಯಾಕೆ ಎಂದು ಕೇಳಲಿಲ್ಲ.

ಹಚ್ಚುವವರು ಯಾರು? ನಿರ್ಮಲಾ ತಲೆ ಬಾಚಿಕೊಳ್ಳುವುದನ್ನೇ ಬಿಟ್ಟಿದ್ದಳು. ಅವ್ವನಿಗೆ ಭುಜದ ನೋವು, ಕೈ ಮೇಲೇಳುವುದಿಲ್ಲ. “ನೀನೇ ಹಚ್ಚು, ಕೈ ಸವ್ದೋಗಾಕಿಲ್ಲ” ಎಂದಳು. ದನದ ಮೈ ಉಜ್ಜಿದ್ದೇನೆ, ಮಗಳ ಜಡೆಯನ್ನೂ ಒಂದೆರಡು ಸಲ ಹೆಣೆದಿದ್ದೇನೆ. ಹೆಂಡತಿಯ ತಲೆಗೆ ಕೈ ಹಾಕಿದವನಲ್ಲ. ನಮ್ಮಲ್ಲಿ ಗಂಡಸರು ಹಾಕುವುದಿಲ್ಲ, ನಾನೂ ಹಾಕಿರಲಿಲ್ಲ, ಅಷ್ಟೇ. ಇಪ್ಪತ್ತಾರು ವರ್ಷದಲ್ಲಿ ಅವಳ ಕೂದಲು ಎಷ್ಟು ಉದ್ದ, ಎಲ್ಲೆಲ್ಲಿ ನರೆತಿದೆ ಎಂದು ಕೇಳಿದ್ದರೆ ನಾನು ತಲೆ ಕೆರೆದುಕೊಳ್ಳಬೇಕಿತ್ತು.

ಮೊದಲ ದಿನ ಜಗಲಿಯ ಮೇಲೆ ಅವಳನ್ನು ಕೂರಿಸಿ, ಹಿಂದೆ ಮೆಟ್ಟಿಲ ಮೇಲೆ ನಾನು ಕೂತೆ. ಕೂದಲೆಲ್ಲ ಸಿಕ್ಕು. ಬಾಚಣಿಗೆ ಹಾಕಿದರೆ ನೋವಾಗುತ್ತದೆಂದು ಬೆರಳಲ್ಲೇ ಬಿಡಿಸಿದೆ. ನನ್ನ ಬೆರಳುಗಳು ಕಾಯಿ ಸುಲಿದು ಒರಟಾದವು, ಕೂದಲು ಬಿರುಕಿಗೆ ಸಿಕ್ಕಿಕೊಳ್ಳುತ್ತಿತ್ತು. ಒಂದು ಗಂಟು ಬಿಡಿಸುವಷ್ಟರಲ್ಲಿ ಒಂದು ಬಸ್ಸು ತಪ್ಪುವಷ್ಟು ಹೊತ್ತಾಯಿತು. ಬೈಕು ತಾನೆ, ಕಾಯುತ್ತದೆ ಬಿಡು ಎಂದುಕೊಂಡೆ. ಎಣ್ಣೆ ಬಟ್ಟಲಲ್ಲಿ ಬೆರಳದ್ದಿ ನೆತ್ತಿಗೆ ಹಚ್ಚಿದೆ. ಅವಳು ಕಣ್ಣು ಮುಚ್ಚಿಕೊಂಡಳು. ಹಣೆಯ ಮೇಲೆ ಇಳಿದಿದ್ದನ್ನು ಟವೆಲಿನಲ್ಲಿ ಒತ್ತಿ ಒರೆಸಿ, ಕಾಣದ ಹಾಗೆ ಮಾಡಿ, ಬೈಕಿಗೆ ಹತ್ತಿಸಿದೆ.

ಕ್ಲಿನಿಕ್ಕು ತಿಪಟೂರಿನಲ್ಲಿ ಕೊಬ್ಬರಿ ಮಾರುಕಟ್ಟೆಗೆ ಹೋಗುವ ದಾರಿಯಲ್ಲಿ, ಮಹಡಿ ಮೇಲೆ. ಆ ರಸ್ತೆಗೆ ರಸ್ತೆಯೇ ಕೊಬ್ಬರಿ ವಾಸನೆ. ಅಲ್ಲಿ ಒಬ್ಬಳ ತಲೆಯ ಎಣ್ಣೆಯನ್ನು ಮೂಗಿನಿಂದ ಕಂಡುಹಿಡಿಯುವುದು ಯಾರಿಂದಲೂ ಆಗದ ಕೆಲಸ.

ಜೀವಿತಾ ಸ್ಪಾಂಜನ್ನು ಉಪ್ಪುನೀರಿನಲ್ಲಿ ಅದ್ದಿ, ಒಂದನ್ನು ಎಡಗಡೆ ಕೂದಲು ಸರಿಸಿ ಇಟ್ಟಳು, ಇನ್ನೊಂದನ್ನು ಬಲಗಡೆ ಹಣೆಗೆ. ಮೇಲೆ ಪಟ್ಟಿ ಬಿಗಿದಳು. ಡಬ್ಬಿ ಕೀ ಕೀ ಎಂದಿತು.

“ಕಾಂಟ್ಯಾಕ್ಟ್ ಸಿಗ್ತಿಲ್ಲ ಅಂಕಲ್. ಎಣ್ಣೆ ಹಚ್ಚಿಲ್ಲ ತಾನೆ?”

“ಇಲ್ಲಮ್ಮ. ಹಳೇದು ಇರಬೇಕು. ನಮ್ ಕಡೆ ತಲೇಲಿ ಎಣ್ಣೆ ಅಷ್ಟು ಬೇಗ ಹೋಗಲ್ಲ.”

ಇದು ಸುಳ್ಳು, ಆದರೆ ಅರ್ಧ ನಿಜದ ಸುಳ್ಳು. ಜೀವಿತಾ ಹುಳಿಯಾರು ಕಡೆಯವಳು, ನಮ್ಮ ತಲೆಗಳ ಕಥೆ ಅವಳಿಗೂ ಗೊತ್ತು. ನಂಬಿದಳು. ಸ್ಪಿರಿಟ್ ಹತ್ತಿಯಲ್ಲಿ ಒರೆಸಿದಳು, ಇನ್ನಷ್ಟು ಉಪ್ಪುನೀರು ಸುರಿದಳು, ಪಟ್ಟಿಯನ್ನು ಇನ್ನೊಂದು ತೂತು ಬಿಗಿದಳು. ನೀರು ನಿರ್ಮಲಾಳ ಕಿವಿಯ ಹಿಂದಿನಿಂದ ಕತ್ತಿಗೆ ಇಳಿದು ರವಿಕೆ ನೆನೆಯಿತು. ಡಬ್ಬಿ ಕೊನೆಗೆ ಸುಮ್ಮನಾಯಿತು. ಕರೆಂಟು ಶುರುವಾದಾಗ ಕಣ್ಣಿಗೊಂದು ಸಣ್ಣ ಮಿಂಚು ಹೊಡೆದ ಹಾಗಾಗುತ್ತದಂತೆ. ನಿರ್ಮಲಾ ರೆಪ್ಪೆ ಬಡಿದಳು, ಅಷ್ಟೇ. ಅರ್ಧ ಗಂಟೆ ಅವಳು ಕ್ಯಾಲೆಂಡರು ನೋಡಿದಳು, ನಾನು ಬಾಯಿ ತೆರೆದುಕೊಂಡು ನಿದ್ದೆ ಮಾಡಿದೆ. ಎಚ್ಚರಾದಾಗ ಜೀವಿತಾ ಹಾಳೆ ಹಿಡಿದು ಕೂತಿದ್ದಳು. “ತುರಿಕೆ?” “ಇಲ್ಲ ಅಂತ ಹಾಕಮ್ಮ.”

ಹೀಗೇ ನಡೆಯಿತು. ದಿನಾ ಬೆಳಿಗ್ಗೆ ಹಾಲು ಕರೆದು, ಡೈರಿಗೆ ಹಾಕಿ, ಅವಳ ತಲೆಗೆ ಎಣ್ಣೆ ಹಚ್ಚಿ, ಬಾಚಿ, ಜಡೆ ಹಾಕಿ, ತಿಪಟೂರು. ಬಂದು ತೋಟ. ಅವ್ವನ ಗೊಣಗು. ಸಾಯಂಕಾಲದ ಹೊತ್ತಿಗೆ ನನ್ನ ಕಾಲು ನನ್ನ ಮಾತು ಕೇಳುತ್ತಿರಲಿಲ್ಲ. ಎದುರಿಗೆ ಸಿಕ್ಕವರು “ಹೆಂಗವ್ಳೆ?” ಎನ್ನುತ್ತಿದ್ದರು. ಒಬ್ಬನೇ ಒಬ್ಬ ಪುಣ್ಯಾತ್ಮ “ಹೆಂಗಿದ್ದೀಯಾ?” ಎನ್ನಲಿಲ್ಲ. ನಾನು ಸಣ್ಣ ಮನುಷ್ಯ, ಇದನ್ನೆಲ್ಲ ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತೇನೆ.

ಐದನೆಯ ದಿನ ಡೈರಿಯಿಂದ ಬರುತ್ತೇನೆ, ನಿರ್ಮಲಾ ಜಗಲಿಯ ಮೇಲೆ ಕೂತಿದ್ದಾಳೆ. ತಾನೇ ಎದ್ದು ಬಂದಿದ್ದಾಳೆ. ಪಕ್ಕದಲ್ಲಿ ಎಣ್ಣೆ ಬಟ್ಟಲು, ಬಾಚಣಿಗೆ. ಬೆನ್ನು ಮೆಟ್ಟಿಲ ಕಡೆಗೆ ತಿರುಗಿಸಿ, ನನಗೆ ಜಾಗ ಬಿಟ್ಟು. ನಾನು ಹಾಲಿನ ಕ್ಯಾನು ಕೆಳಗಿಡುವುದನ್ನೇ ಮರೆತು ನಿಂತೆ. ಎರಡು ವರ್ಷದಲ್ಲಿ ಅವಳಾಗಿ ಅವಳು ಹಾಸಿಗೆ ಬಿಟ್ಟು ಎದ್ದು ಬಂದಿದ್ದು ಅದೇ ಮೊದಲು. ಅವ್ವನೂ ಬಾಗಿಲಲ್ಲಿ ನಿಂತು ನೋಡಿದಳು, ಸೆರಗಿನಿಂದ ಕಣ್ಣು ಒರೆಸಿಕೊಂಡಳು. “ಕರೆಂಟು ಹತ್ತೈತೆ ಕಣ್ಲಾ” ಎಂದಳು.

ನಾನೂ ಹಾಗೇ ಅಂದುಕೊಂಡೆ. ಮೇಡಂಗೆ ಹೇಳಿದೆ, ಅವರಿಗೂ ಖುಷಿಯಾಯಿತು, ಬರೆದುಕೊಂಡರು. ಎಂಟನೆಯ ದಿನ ಎಣ್ಣೆ ಹಚ್ಚುವಾಗ ನಿರ್ಮಲಾ “ಆ ಕಡೆ” ಎಂದಳು. ಬಲಗಿವಿಯ ಮೇಲೆ ಹಚ್ಚಿರಲಿಲ್ಲ, ಅದಕ್ಕೆ. ಒಂದೇ ಮಾತು, ಆದರೆ “ಬೇಡ” ಅಲ್ಲ, “ಆಗ್ತಿಲ್ಲ” ಅಲ್ಲ. ಮೂರನೆಯ ಮಾತು. ಅವತ್ತು ತಿಪಟೂರಿಗೆ ಹೋಗುವ ದಾರಿಯುದ್ದಕ್ಕೂ ನಾನು ಹಾಡು ಗುನುಗಿದೆ ಎಂದರೆ ನೀವು ನಂಬಬೇಕು.

ಹತ್ತನೆಯ ದಿನದ ಹೊತ್ತಿಗೆ ನನಗೆ ಒಂದು ಸಂಗತಿ ಕಂಡಿತ್ತು. ಎಡಗಡೆ, ಸ್ಪಾಂಜು ಇಡುವ ಜಾಗದಲ್ಲಿ, ಕೂದಲ ಬುಡ ಕೆಂಪಾಗಿತ್ತು. ಬೆರಳು ತಗುಲಿದರೆ ಅವಳ ಭುಜ ಅದುರುತ್ತಿತ್ತು. ನಾನೇನು ಮಾಡಿದೆ? ನಮ್ಮ ಸೀಮೆಯವನು ಇನ್ನೇನು ಮಾಡುತ್ತಾನೆ? ಅಲ್ಲಿಗೆ ಇನ್ನೊಂದು ತೊಟ್ಟು ಜಾಸ್ತಿ ಎಣ್ಣೆ ಹಚ್ಚಿದೆ. ಕ್ಲಿನಿಕ್ಕಿನಲ್ಲಿ ಬಾಯಿ ಬಿಡಲಿಲ್ಲ. ಗಾಯವಾದರೆ ನಿಲ್ಲಿಸುತ್ತಾರೆ ಎಂದು ಮೇಡಂ ಹೇಳಿದ್ದು ನನಗೆ ಚೆನ್ನಾಗಿ ನೆನಪಿತ್ತು. ಇನ್ನು ಹತ್ತು ದಿನ ತಾನೆ, ತಳ್ಳಿಬಿಡೋಣ ಎಂದುಕೊಂಡೆ. ಅವಳು ಎದ್ದು ಕೂರುತ್ತಿದ್ದಾಳೆ, ಈಗ ನಿಲ್ಲಿಸಿದರೆ ಮತ್ತೆ ಒಲೆಯ ಮುಂದೆ ಕೂರುತ್ತಾಳೆ ಎಂಬ ಹೆದರಿಕೆ ನನ್ನನ್ನು ತಿನ್ನುತ್ತಿತ್ತು.

ಹನ್ನೆರಡನೆಯ ದಿನ ಜೀವಿತಾ ಕೂದಲು ಸರಿಸಿದವಳು ಹಾಗೇ ನಿಂತಳು. ಸ್ಪಾಂಜು ಕೆಳಗಿಟ್ಟು ಮೇಡಂನ ಕರೆದುಕೊಂಡು ಬಂದಳು. ಕಡಲೆಬೇಳೆಯಷ್ಟು ಅಗಲದ ಎರಡು ಸುಟ್ಟ ಗಾಯ, ಒಂದು ಹಕ್ಕಳೆಗಟ್ಟಿತ್ತು, ಒಂದು ಇನ್ನೂ ಹಸಿ. ಮೇಡಂ ಬೆರಳನ್ನು ಕೂದಲಿಗೆ ತಾಗಿಸಿ, ಹೆಬ್ಬೆರಳಿನಿಂದ ಉಜ್ಜಿ ನೋಡಿದರು.

“ಜೀವಿತಾ, ಇದು ಎಣ್ಣೆ. ಕೇಳಲ್ವಾ ನೀನು?” ಎಂದು ಅವಳನ್ನು ನನ್ನೆದುರಿಗೇ ಗದರಿದರು. “ಎಣ್ಣೆ ಇದ್ರೆ ಎಲ್ಲ ಕಡೆ ಸಮನಾಗಿ ಹೋಗಲ್ಲ, ಸಿಕ್ಕಿದ ಒಂದೆರಡು ಚುಕ್ಕೆ ಜಾಗದಲ್ಲೇ ಹೋಗುತ್ತೆ, ಅಲ್ಲೇ ಸುಡುತ್ತೆ. ಎಷ್ಟು ಸಲ ಹೇಳಿದೀನಿ?”

ಜೀವಿತಾ ನನ್ನ ಕಡೆ ನೋಡಲೇ ಇಲ್ಲ. ತಲೆ ತಗ್ಗಿಸಿದಳು. ಆ ಮಗು ದಿನಾ ಹುಳಿಯಾರಿನಿಂದ ಬಸ್ಸಿನಲ್ಲಿ ನಿಂತುಕೊಂಡು ಬರುತ್ತದೆ.

“ಅವಳ್ದೇನೂ ತಪ್ಪಿಲ್ಲ ಮೇಡಂ. ದಿನಾ ಕೇಳ್ತಾ ಇದ್ಲು. ನಾನೇ ಸುಳ್ಳು ಹೇಳ್ದೆ. ನಾನೇ ಹಚ್ತಾ ಇದ್ದೆ.”

“ನೀವಾ?”

“ನಾನೇ. ಗಾಯಾನೂ ನೋಡಿದ್ದೆ.”

ಮೇಡಂ ಕುರ್ಚಿ ಎಳೆದು ಕೂತರು. ಬೈಯಲಿಲ್ಲ, ಅದೇ ಕಷ್ಟವಾಗಿದ್ದು. ಡಬ್ಬಿಯ ಲೆಕ್ಕವನ್ನು ಫೋನಿನಲ್ಲಿ ತೆಗೆದು ನೋಡಿದರು. ಹನ್ನೊಂದು ದಿನವೂ ಕಾಂಟ್ಯಾಕ್ಟ್ ಸರಿಯಿರಲಿಲ್ಲ. ಒಳಗೆ ಎಷ್ಟು ಹೋಗಿದೆಯೋ, ಹೋಗಬೇಕಾದ ಕಡೆ ಹೋಗಿದೆಯೋ ಇಲ್ಲವೋ ಹೇಳುವುದಕ್ಕಾಗುವುದಿಲ್ಲ ಎಂದರು. “ಇವತ್ತಿಗೆ ನಿಲ್ಲಿಸ್ತೀನಿ. ಗಾಯ ಪೂರ್ತಿ ವಾಸಿ ಆಗ್ಬೇಕು. ಆಮೇಲೆ ಬೇಕು ಅಂದ್ರೆ ಮತ್ತೆ ಒಂದರಿಂದ ಶುರು. ಈ ಹನ್ನೊಂದನ್ನ ಲೆಕ್ಕಕ್ಕೆ ಹಿಡಿಯೋ ಹಾಗಿಲ್ಲ.”

ಮತ್ತೆ ಒಂದರಿಂದ.

“ಹಾಗಾದ್ರೆ ಇವಳು ಎದ್ದು ಕೂರ್ತಾ ಇದ್ದಿದ್ದು?” ಎಂದೆ. “ಬೆಳಿಗ್ಗೆ ಬೆಳಿಗ್ಗೆ ಜಗಲಿಗೆ ಬಂದು...”

ಮೇಡಂ ಕೈ ಎತ್ತಿ ನನ್ನನ್ನು ತಡೆದರು. “ನೀವು ಸ್ವಲ್ಪ ಸುಮ್ನಿರಿ. ಇಷ್ಟು ದಿನ ನೀವೇ ಹೇಳಿದ್ದು ಸಾಕು.” ಸ್ಟೂಲನ್ನು ನಿರ್ಮಲಾಳ ಹತ್ತಿರಕ್ಕೆ ಎಳೆದುಕೊಂಡು, ಅವಳ ಕೈ ಹಿಡಿದರು. “ನಿರ್ಮಲಾ, ಇಲ್ಲಿ ಉರೀತಿತ್ತಾ?”

ನಿರ್ಮಲಾ ಕ್ಯಾಲೆಂಡರು ನೋಡಿದಳು. ನನ್ನ ಬಾಯಿಗೆ ಮಾತು ಬಂದಿತ್ತು, ಹಲ್ಲು ಕಚ್ಚಿ ತಡೆದೆ. ಮೇಡಂ ಕಾದರು. ಅಷ್ಟು ಹೊತ್ತು ನಾನು ಯಾವತ್ತೂ ಕಾದಿರಲಿಲ್ಲ. ರಸ್ತೆಯಲ್ಲಿ ಕೊಬ್ಬರಿ ಚೀಲ ತುಂಬಿದ ಟೆಂಪೋ ಹಾರನ್ನು ಹೊಡೆಯುತ್ತಾ ಹೋಯಿತು, ಅದು ಹೋಗಿ ಇನ್ನೊಂದು ಬಂತು.

“ಉರೀತಿತ್ತು” ಎಂದಳು ನಿರ್ಮಲಾ.

“ಯಾವತ್ತಿಂದ?”

“ಮೂರ್ನೇ ದಿನದಿಂದ.”

“ಜಾಸ್ತಿ ಉರೀತಿತ್ತಾ?”

“ಹೂಂ. ಒಲೆ ಕೆಂಡ ಇಟ್ಟಂಗೆ.”

“ಹೇಳ್ಬೇಕಲ್ವಾ ತಾಯಿ? ಯಾಕೆ ಹೇಳ್ಲಿಲ್ಲ?”

ಅವಳ ಬೆರಳು ಸೆರಗಿನ ತುದಿಯನ್ನು ಸುತ್ತುತ್ತಿತ್ತು, ಬಿಚ್ಚುತ್ತಿತ್ತು. ಕೊನೆಗೆ ಯಾರನ್ನೂ ನೋಡದೆ ಹೇಳಿದಳು.

“ಹೇಳಿದ್ರೆ ಎಣ್ಣೆ ಹಚ್ಬ್ಯಾಡ ಅಂತಿದ್ರಿ. ಇವ್ರು ಹಚ್ಚೋದು ನಿಲ್ಲಿಸ್ಬುಡೋರು.”

ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಮೆಟ್ಟಿಲಿಳಿದು ಬೀದಿಗೆ ಬಂದು, ಬೈಕಿನ ಸೀಟಿನ ಮೇಲೆ ಕೈಯಿಟ್ಟು ನಿಂತೆ. ಅತ್ತುಬಿಟ್ಟೆ, ಹೌದು. ಆ ರಸ್ತೆಯಲ್ಲಿ ಚೀಲ ಹೊರುವ ಹಮಾಲಿಗಳು ನನ್ನನ್ನು ನೋಡಿ, ಕೊಬ್ಬರಿ ರೇಟು ಬಿದ್ದಿರಬೇಕು ಎಂದುಕೊಂಡು ಮುಂದೆ ಹೋದರು. ಇಪ್ಪತ್ತಾರು ವರ್ಷ ಅವಳ ತಲೆಯ ಮೇಲೆ ಒಂದು ಕೈಯಿಡದವನು ನಾನು. ಹನ್ನೊಂದು ದಿನ, ಅದೂ ಅವ್ವನ ಬಾಯಿಗೆ ಹೆದರಿ ಇಟ್ಟಿದ್ದಕ್ಕೆ, ಅವಳು ಕೆಂಡ ಹೊತ್ತುಕೊಂಡು ಕೂತಿದ್ದಳು. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಸ್ವಲ್ಪ ಹೊತ್ತಿಗೆ ಜೀವಿತಾ ಅವಳನ್ನು ಕೈಹಿಡಿದು ಇಳಿಸಿಕೊಂಡು ಬಂದಳು. ಗಾಯಕ್ಕೆ ಮುಲಾಮು ಬರೆದ ಚೀಟಿ ಕೊಟ್ಟಳು. “ತಪ್ಪಾಯ್ತು ಕಣಮ್ಮ, ನನ್ನಿಂದ ನೀನು ಬೈಸ್ಕೊಂಡೆ” ಎಂದೆ.

“ಬಿಡಿ ಅಂಕಲ್. ಎಲ್ರೂ ಹಚ್ಕೊಂಡೇ ಬರ್ತಾರೆ, ಎಲ್ರೂ ಇಲ್ಲ ಅಂತಾರೆ. ನಮ್ಮಮ್ಮನೂ ಹಂಗೇ” ಎಂದಳು. ಅವಳ ಮುಖದಲ್ಲೂ ನನ್ನದೇ ದಣಿವು ಇತ್ತು.

ಗಾಯ ಮಾಯಲು ಹದಿನೆಂಟು ದಿನ ಹಿಡಿಯಿತು. ಮೊದಲೆರಡು ದಿನ ನಿರ್ಮಲಾ ಏಳಲಿಲ್ಲ. ಗೋಡೆ ಕಡೆ ಮುಖ ಮಾಡಿ ಮಲಗಿದಳು. ನಾನು ಮತ್ತೆ ಅದೇ ಗೆರೆಯ ಹತ್ತಿರ ಬಂದು ನಿಂತಿದ್ದೆ. ಇನ್ನು ನನ್ನ ಕೈಲಾಗುವುದಿಲ್ಲ ಎಂದು ಹೇಳಿಬಿಟ್ಟು ತೋಟದಲ್ಲಿ ಹೋಗಿ ಮಲಗಬೇಕು ಎನಿಸುತ್ತಿತ್ತು. ಮೂರನೆಯ ದಿನ ಹಾಲು ಹಾಕಿ ಬಂದವನು ಬರೀ ಬಾಚಣಿಗೆ ಹಿಡಿದು ಅವಳ ಹಾಸಿಗೆಯ ಪಕ್ಕ ಕೂತೆ. “ಎಣ್ಣೆ ಇಲ್ಲ, ಬಾಚ್ತೀನಿ ಅಷ್ಟೇ” ಎಂದೆ. ಅವಳು ಬಹಳ ಹೊತ್ತು ಅಲ್ಲಾಡಲಿಲ್ಲ. ನಾನೂ ಏಳಲಿಲ್ಲ. ಹಸು ಕೂಗಿತು, ಅವ್ವ ಕೂಗಿದಳು, ಮೋಟರಿನ ಕರೆಂಟು ಬಂದು ಹೋಯಿತು. ಆಮೇಲೆ ಅವಳು ಎದ್ದು ಬೆನ್ನು ತಿರುಗಿಸಿ ಕೂತಳು.

ಒಣಕೂದಲು ಬಾಚುವುದು ಸಲೀಸಲ್ಲ. ಬೆರಳಿನ ಬಿರುಕಿಗೆ ಸಿಕ್ಕುತ್ತದೆ, ಕಿತ್ತು ಬರುತ್ತದೆ, ಅವಳು “ಆಯ್” ಎನ್ನುತ್ತಾಳೆ. ಗಾಯವನ್ನು ತಪ್ಪಿಸಿ ಸುತ್ತ ಹೋಗಬೇಕು. ಆದರೂ ಬಾಚಿದೆ. ದಿನಾ ಬಾಚಿದೆ.

ಎರಡನೆಯ ಸಲ ಹೊರಟ ದಿನ ನಾನೇ ಬೆಳಿಗ್ಗೆ ನೀರು ಕಾಯಿಸಿ, ಸೀಗೆಪುಡಿ ಹಾಕಿ ಅವಳ ತಲೆ ತೊಳೆದೆ. ಬಿಸಿಲಲ್ಲಿ ಒಣಗಿಸಿದೆ. ಅವ್ವ ಹೊಸ್ತಿಲಲ್ಲಿ ಅಡ್ಡ ನಿಂತಳು.

“ಒಣತಲೇಲೇ ಕರ್ಕಂಡೋಯ್ತೀಯೇನ್ಲಾ?”

“ಹೂಂ ಕಣವ್ವ.”

“ಕಂಡೋರು ಏನಂದಾರು?”

“ನಂಗೆ ಹೆಣ್ತಿ ಬೇಕು ಕಣವ್ವ. ಕಂಡೋರು ಬ್ಯಾಡ. ಬಂದ್ಮ್ಯಾಲೆ ಮಧ್ಯಾಹ್ನ ಹಚ್ತೀನಿ, ನೀನೇ ಬಟ್ಲು ತುಂಬ್ಸಿಟ್ಟಿರು.”

ಅವ್ವ ನಿರ್ಮಲಾಳ ಮುಖ ನೋಡಿ ಪಕ್ಕಕ್ಕೆ ಸರಿದಳು. ಒಳಗೆ ಹೋಗಿ ಒಂದು ತುಂಡು ಕನಕಾಂಬರ ತಂದು ಸೊಸೆಯ ಕೈಗೆ ಕೊಟ್ಟಳು. “ಇದನ್ನಾದ್ರೂ ಮುಡ್ಕೊಂಡು ಹೋಗವ್ವ” ಎಂದಳು.

ಕ್ಲಿನಿಕ್ಕಿನಲ್ಲಿ ಜೀವಿತಾ ಕೂದಲನ್ನು ಬೆರಳಲ್ಲಿ ಮುಟ್ಟಿ, ನನ್ನನ್ನು ನೋಡಿ ನಕ್ಕಳು. ಡಬ್ಬಿ ಒಂದೇ ಸಲಕ್ಕೆ ಸುಮ್ಮನಾಯಿತು. ಅರ್ಧ ಗಂಟೆ ನಾನು ನಿದ್ದೆ ಮಾಡಲಿಲ್ಲ. ಅವಳ ಮುಖ ನೋಡುತ್ತಾ ಕೂತೆ. ಈ ಸಲವಾದರೂ ಗುಣವಾಗುತ್ತದೋ ಇಲ್ಲವೋ ನನಗೆ ಗೊತ್ತಿರಲಿಲ್ಲ, ಮೇಡಂಗೂ ಗೊತ್ತಿರಲಿಲ್ಲ. ಇನ್ನು ಹತ್ತೊಂಬತ್ತು ದಿನ ಇದೇ ರಸ್ತೆ, ಇದೇ ಮೆಟ್ಟಿಲು ಎಂದು ನೆನೆದರೇ ಮೈ ಭಾರವಾಗುತ್ತಿತ್ತು.

ಮುಗಿದ ಮೇಲೆ ಜೀವಿತಾ ಪಟ್ಟಿ ಬಿಚ್ಚಿ, ಕತ್ತಿಗಿಳಿದ ನೀರನ್ನು ಒರೆಸಿ, ಹಾಳೆ ಹಿಡಿದು ಸ್ಟೂಲು ಎಳೆದುಕೊಂಡಳು.

“ತುರಿಕೆ ಆಯ್ತಾ ಆಂಟಿ?”

ನಾನು ಎರಡು ಕೈಯನ್ನೂ ತೊಡೆಯ ಕೆಳಗೆ ಸೇರಿಸಿಕೊಂಡು ಕೂತೆ. ನಿರ್ಮಲಾ ಗೋಡೆ ನೋಡಿದಳು. ಕ್ಯಾಲೆಂಡರಿನ ಹಾಳೆ ತಿರುಗಿತ್ತು, ಹೊಸ ತಿಂಗಳು.

“ಸ್ವಲ್ಪ” ಎಂದಳು.

“ಉರಿ?”

“ಮೊದ್ಲು ಸ್ವಲ್ಪ. ಆಮೇಲೆ ಇಲ್ಲ.”

“ತಲೆನೋವು?”

“ಇಲ್ಲ.”

“ಸುಸ್ತು?”

ನಿರ್ಮಲಾ ಗೋಡೆಯಿಂದ ಕಣ್ಣು ತೆಗೆದು ನನ್ನ ಕಡೆ ತಿರುಗಿದಳು. ನನ್ನ ಗಡ್ಡ, ಗುಂಡಿ ಕಿತ್ತ ಅಂಗಿ, ತೊಡೆಯ ಕೆಳಗೆ ಸಿಕ್ಕಿಸಿಕೊಂಡ ಕೈ, ಎಲ್ಲವನ್ನೂ ಒಂದೊಂದಾಗಿ ನೋಡಿದಳು. ಎರಡು ವರ್ಷದಲ್ಲಿ ಅವಳು ನನ್ನನ್ನು ಹಾಗೆ ನೋಡಿರಲಿಲ್ಲ.

“ನಂಗೆ ಸ್ವಲ್ಪ” ಎಂದಳು ಜೀವಿತಾಗೆ. “ಇವ್ರಿಗೆ ಜಾಸ್ತಿ ಅಂತ ಬರ್ಕೊಳಮ್ಮ.”

ಜೀವಿತಾ ಪೆನ್ನು ಹಿಡಿದು ಹಾಳೆಯನ್ನು ಮೇಲಿಂದ ಕೆಳಗೆ ನೋಡಿದಳು. ಅದರಲ್ಲಿ ನನ್ನದನ್ನು ಬರೆಯಲು ಜಾಗವಿರಲಿಲ್ಲ. ಪಕ್ಕದ ಅಂಚಿನಲ್ಲಿ ಸಣ್ಣದಾಗಿ ಬರೆದುಕೊಂಡಳು.